ಗ್ರ್ಯಾಜುಯೇಷನ್ ಪಾರ್ಟಿಗೆ ಡೋನಟ್ ಅಲಂಕಾರ: ಅಂತಸ್ತಿನ ಸ್ಟ್ಯಾಂಡೋ, ಗೂಟದ ಹಲಗೆಯೋ, ಅಂಕಿಯೋ?

ಡೋನಟ್ ಗೋಪುರ, ಡೋನಟ್ ಗೋಡೆ ಎಂದು ಹುಡುಕಿದರೆ ಸಿಗುವ ಫೋಟೋಗಳೆಲ್ಲ ಪಾರ್ಟಿ ಶುರುವಾಗುವ ಮೊದಲೇ ತೆಗೆದವು. ಒಂದು ಡೋನಟ್ಟೂ ಜಾಗ ಬಿಟ್ಟು ಕದಲಿರುವುದಿಲ್ಲ, ಗ್ಲೇಜ್, ಅಂದರೆ ಮೇಲಿನ ಸಕ್ಕರೆ ಲೇಪ, ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಆದರೆ ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳಿಗೆ ಮನೆಯ ಹಿತ್ತಲಲ್ಲಿ ಮಾಡುವ ಪಾರ್ಟಿ ಹೆಚ್ಚಾಗಿ 'ಓಪನ್ ಹೌಸ್' ರೀತಿಯದು. ಮಧ್ಯಾಹ್ನ 1ರಿಂದ 4ರವರೆಗೆ ಜನ ಬರುತ್ತಲೇ ಇರುತ್ತಾರೆ, ಹೋಗುತ್ತಲೇ ಇರುತ್ತಾರೆ. ಮೂರು ಗಂಟೆಗೆ ಬಂದವರ ಕಣ್ಣಿಗೆ ಬೀಳುವುದು ಅರ್ಧ ಖಾಲಿಯಾದ ಅಲಂಕಾರ. ಹಾಗಾಗಿ ಕಟ್ಟಿ ನಿಲ್ಲಿಸಿದಾಗ ಯಾವುದು ಚೆಂದ ಎಂದು ನೋಡುವುದಕ್ಕಿಂತ, ಅರ್ಧ ಖರ್ಚಾದ ಮೇಲೆ ಯಾವುದು ಮಾನ ಉಳಿಸಿಕೊಳ್ಳುತ್ತದೆ ಎಂದು ನೋಡಿ ಆರಿಸುವುದು ಒಳ್ಳೆಯದು. ಇಲ್ಲಿ ಐದು ಬಗೆಗಳನ್ನು ಅದೇ ಕಣ್ಣಿನಿಂದ ನೋಡಿದೆ.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. ಅಂಗಡಿಯ ಸಾಮಾನ್ಯ ಡೋನಟ್ ಮೂರರಿಂದ ಮೂರೂವರೆ ಇಂಚು ಅಗಲ, ಒಂದರಿಂದ ಒಂದೂವರೆ ಇಂಚು ದಪ್ಪ, ಸುಮಾರು 50ರಿಂದ 70 ಗ್ರಾಂ ತೂಕ. ಊಟ, ಕೇಕ್ ಎರಡೂ ಇದ್ದರೆ ತಲೆಗೊಂದು ಸಾಕು. ಸಿಹಿ ಎಂದರೆ ಡೋನಟ್ ಮಾತ್ರ ಎಂದಾದರೆ ತಲೆಗೆ ಒಂದೂವರೆ ಹಿಡಿಯಿರಿ, 50 ಜನಕ್ಕೆ 75, ಅಂದರೆ ಸುಮಾರು ಆರು ಡಜನ್ ಆಗುತ್ತದೆ.

ಅಂತಸ್ತಿನ ಸ್ಟ್ಯಾಂಡ್

ನೋಡಲು ಇದು ಅಷ್ಟೇನೂ ಹೊಸದಲ್ಲ. ಆದರೂ ಮೂರು-ನಾಲ್ಕು ಗಂಟೆ ನಡೆಯುವ ಪಾರ್ಟಿಗೆ ನಮ್ಮ ಮೊದಲ ಆಯ್ಕೆ ಇದೇ. ಕಾರಣ ಸರಳ: ಖಾಲಿಯಾದ ಕಡೆಗೆ ಉಳಿದವನ್ನು ಸರಿಸಬಹುದು, ಡಬ್ಬದಿಂದ ತೆಗೆದು ತುಂಬಬಹುದು, ಸುತ್ತ ಯಾವ ಕಡೆಯಿಂದ ನೋಡಿದರೂ ಒಂದೇ ರೀತಿ. ಮೇಜಿನ ನಡುವೆ ಇಡುವ ಅಲಂಕಾರಕ್ಕೆ ಬೆನ್ನು ಎಂಬುದು ಇರಬಾರದು. ಆ ಲೆಕ್ಕದಲ್ಲಿ ಗೂಟದ ಹಲಗೆ ಸೋಲುತ್ತದೆ, ಇದು ಗೆಲ್ಲುತ್ತದೆ.

12, 10, 8 ಇಂಚಿನ ಮೂರು ತಟ್ಟೆಗಳ ಸ್ಟ್ಯಾಂಡ್ ತೆಗೆದುಕೊಳ್ಳಿ. ಮೂರೂಕಾಲು ಇಂಚಿನ ಡೋನಟ್ಟಾದರೆ ಕೆಳಗಿನ ತಟ್ಟೆಯ ಅಂಚಿನಲ್ಲಿ 8, ನಡುವಿನದರಲ್ಲಿ 6, ಮೇಲಿನದರಲ್ಲಿ 4 ಕೂರುತ್ತವೆ. ಮೂರೂವರೆ ಇಂಚಿನದಾದರೆ ಕೆಳಗೆ 7, ನಡುವೆ 5ಕ್ಕೆ ಇಳಿಯುತ್ತದೆ. ಕಾಲು ಇಂಚಿನ ವ್ಯತ್ಯಾಸ ಇಷ್ಟು ಕೆಲಸ ಮಾಡುವುದರಿಂದ, ಆರ್ಡರ್ ಕೊಡುವ ಮೊದಲು ಒಂದು ಡೋನಟ್ ತಂದು ಅಳೆದು ನೋಡಿ. ಎರಡನೇ ಸಾಲನ್ನು ಇಟ್ಟಿಗೆ ಕಟ್ಟಿದ ಹಾಗೆ, ಕೆಳಗಿನ ಎರಡರ ಸಂದಿಯ ಮೇಲೆ ಒಂದು ಬರುವಂತೆ ಇಡಿ. ಹೀಗೆ 36, ನೆತ್ತಿಯ ಮೇಲೆ ಒಂದು, ಒಟ್ಟು 37. ನೇರ ಒಂದರ ಮೇಲೊಂದು ಇಟ್ಟರೆ ಒಂದು ತೆಗೆಯುವಾಗ ಪಕ್ಕದ್ದೂ ಜಾರುತ್ತದೆ.

ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಟ್ಯಾಂಡ್‌ಗಳಲ್ಲಿ ತಟ್ಟೆಗಳ ನಡುವಿನ ಅಂತರ ಮೂರೂವರೆ ಇಂಚು ಅಷ್ಟೇ ಇರುತ್ತದೆ. ಎರಡು ಸಾಲು ಡೋನಟ್ಟೇ ಮೂರು ಇಂಚು ತುಂಬಿಬಿಡುತ್ತದೆ, ಬೆರಳು ಹೋಗಲು ಜಾಗವಿಲ್ಲದೆ ಮೇಲಿನ ತಟ್ಟೆಯ ತಳಕ್ಕೆ ಗ್ಲೇಜ್ ಅಂಟುತ್ತದೆ. ಐದು ಇಂಚು ಇರಲಿ. ಒಟ್ಟು ಡೋನಟ್‌ಗಳಲ್ಲಿ ಮೂರನೇ ಒಂದು ಭಾಗವನ್ನು ಮೊದಲೇ ಎತ್ತಿಟ್ಟು, ಅರ್ಧ ಗಂಟೆಗೊಮ್ಮೆ ತುಂಬುತ್ತಾ ಬಂದರೆ ಕೊನೆಯವರೆಗೂ ಮೇಜು ಬಡವಾಗುವುದಿಲ್ಲ.

ಇದೇ ಜಾತಿಯ ಇನ್ನೊಂದು ರೂಪವೂ ಇದೆ. ಅಡಿಯಲ್ಲಿ ಮರದ ಮಣೆ, ಅದರ ನಡುವೆ ಒಂದು ಕೋಲು, ಕೋಲಿಗೆ ಪೋಣಿಸಿದ ಹತ್ತು ಡೋನಟ್. ನೋಡಲು ಬಲು ಸೊಗಸು. ಆದರೆ ಯೀಸ್ಟ್ ಹಾಕಿದ ಮೆತ್ತನೆಯ ಡೋನಟ್ಟಾದರೆ ಕೆಳಗಿನ ಮೂರು ಒಂದು ಗಂಟೆಯೊಳಗೆ ಚಪಾತಿಯಾಗುತ್ತವೆ. ಬೇಕಿಂಗ್ ಪೌಡರಿನ ಕೇಕ್ ಡೋನಟ್ಟಾದರೆ ತೂತಿನ ಹತ್ತಿರ ಸೀಳುತ್ತವೆ. ನಾಲ್ಕಕ್ಕೊಂದರಂತೆ ನಡುವೆ ರಟ್ಟಿನ ಬಿಲ್ಲೆ ತೂರಿಸಿದರೆ ಸ್ವಲ್ಪ ತಾಳುತ್ತದೆ. ಮೇಲಿನದನ್ನು ತೆಗೆಯದೆ ಕೆಳಗಿನದು ಸಿಗುವುದಿಲ್ಲ, ಮಕ್ಕಳಿಗೆ ಬೇಕಾದ ಬಣ್ಣ ಯಾವತ್ತೂ ಕೆಳಗೇ ಇರುತ್ತದೆ. ಫೋಟೋಗೆ ಮಾತ್ರ ಎಂದಾದರೆ ಮಾಡಿ.

ಗೂಟದ ಹಲಗೆ

ಮರದ ಹಲಗೆಗೆ ಗೂಟ ಹೊಡೆದು ಡೋನಟ್ ನೇತುಹಾಕುವ 'ಡೋನಟ್ ವಾಲ್'. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಊಟದ ಮೇಜಿನ ನಡುವೆ ಇಡಬೇಡಿ, ಹಿಂದೆ ಕೂತವರಿಗೆ ಬರೀ ಪ್ಲೈವುಡ್ ಕಾಣುತ್ತದೆ. ಗೋಡೆಗೆ ಒತ್ತಿಕೊಂಡ ಸಿಹಿ ತಿಂಡಿಯ ಮೇಜು ಇದರ ಜಾಗ.

24 ಇಂಚು ಚೌಕದ, 12 ಮಿ.ಮೀ. ದಪ್ಪದ ಪ್ಲೈವುಡ್ ಸಾಕು. ನಾಲ್ಕು ಕಡೆಯೂ 3 ಇಂಚು ಅಂಚು ಬಿಟ್ಟು, ಗೂಟದಿಂದ ಗೂಟಕ್ಕೆ ನಾಲ್ಕೂವರೆ ಇಂಚಿನಂತೆ ಗುರುತು ಹಾಕಿದರೆ ಐದು ಸಾಲು, ಸಾಲಿಗೆ ಐದು, ಒಟ್ಟು 25 ಗೂಟ. ಗೂಟಕ್ಕೆ ಎರಡರಂತೆ 50 ಡೋನಟ್. ಗೂಟಗಳು 10 ಮಿ.ಮೀ. ದಪ್ಪ, 4 ಇಂಚು ಉದ್ದ. ಅರ್ಧ ಇಂಚು ಹಲಗೆಯೊಳಗೆ ಹೋದರೆ ಹೊರಗೆ ಮೂರೂವರೆ ಉಳಿಯುತ್ತದೆ.

ಎಲ್ಲ ತಪ್ಪುವುದು ತೂತು ಕೊರೆಯುವ ಕೋನದಲ್ಲಿ. ಡ್ರಿಲ್ ನೇರ ಹಿಡಿದು ಕೊರೆದರೆ ಗೂಟ ಮಟ್ಟಸವಾಗಿ ನಿಲ್ಲುತ್ತದೆ, ಡೋನಟ್ ಭಾರಕ್ಕೆ ಸ್ವಲ್ಪ ಬಾಗುತ್ತದೆ, ಮುಂದಿನದು ನಿಧಾನ ತುದಿಗೆ ಬಂದು ಕೆಳಗೆ ಬೀಳುತ್ತದೆ. ಗೂಟದ ತುದಿ ಬುಡಕ್ಕಿಂತ ಅರ್ಧ ಇಂಚು ಮೇಲಿರಬೇಕು. ಒಂದು ಮರದ ತುಂಡಿಗೆ ಆ ಓರೆಯಲ್ಲಿ ಒಮ್ಮೆ ತೂತು ಕೊರೆದುಕೊಂಡು, ಅದನ್ನೇ ಹಲಗೆಯ ಮೇಲಿಟ್ಟು ಅದರ ಮೂಲಕ ಕೊರೆಯುತ್ತಾ ಹೋದರೆ 25 ಗೂಟವೂ ಒಂದೇ ಓರೆಗೆ ಬರುತ್ತವೆ. ಕಣ್ಣಂದಾಜಿನಲ್ಲಿ ಕೊರೆದರೆ ಹಲ್ಲು ಉದುರಿದ ಬಾಯಿಯ ಹಾಗೆ ಒಂದೊಂದು ಒಂದೊಂದು ದಿಕ್ಕು ನೋಡುತ್ತವೆ.

ಹಲಗೆಗೆ ಬಣ್ಣ ಬಳಿಯಬಹುದು, ಗೂಟಕ್ಕೆ ಬೇಡ. ಗೂಟ ಬರಿಯ ಮರವಾಗಿಯೇ ಇರಲಿ, ಮರಳುಕಾಗದದಿಂದ ಉಜ್ಜಿ ಸೀಳು ಏಳದಂತೆ ನೋಡಿಕೊಂಡರೆ ಸಾಕು. ಬಣ್ಣ ಪೂರ್ತಿ ಒಣಗಲು ಮೂರು-ನಾಲ್ಕು ದಿನ ಬಿಡಿ, ಇಲ್ಲದಿದ್ದರೆ ವಾಸನೆ ಡೋನಟ್ಟಿಗೆ ಹತ್ತುತ್ತದೆ. ಪ್ರತಿ ಗೂಟಕ್ಕೆ ಮೊದಲು ನಡುವೆ ತೂತು ಮಾಡಿದ ಬಟರ್ ಪೇಪರ್ ಬಿಲ್ಲೆ, ಆಮೇಲೆ ಡೋನಟ್. ಒಂದೇ ಗೂಟದಲ್ಲಿ ಎರಡು ಗ್ಲೇಜ್ ಡೋನಟ್ ಹಾಕಿದರೆ ಒಂದರ ಗ್ಲೇಜ್ ಇನ್ನೊಂದರ ಬೆನ್ನಿಗೆ ಕಿತ್ತು ಬರುತ್ತದೆ. ಹಿಂದೆ ಸಾದಾ ಅಥವಾ ದಾಲ್ಚಿನ್ನಿ ಸಕ್ಕರೆಯದು, ಮುಂದೆ ಬಣ್ಣದ್ದು ಹಾಕಿ.

50 ಡೋನಟ್ ಎಂದರೆ ಸುಮಾರು ಮೂರು ಕಿಲೋ, ಅಷ್ಟೂ ಭಾರ ಹಲಗೆಯ ಮುಂದಿನ ಮಗ್ಗುಲಿಗೆ. ಹಿಂದೆ ಕನಿಷ್ಠ 10 ಇಂಚಿನ ಕಾಲು ಕೊಟ್ಟು, ಹಲಗೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಕಾಲಿನ ಮೇಲೆ ಎರಡು ಕಿಲೋ ಅಕ್ಕಿಯ ಚೀಲ ಇಡಿ. ಹಿತ್ತಲಲ್ಲಿ ಗಾಳಿ ಬೀಸಿದಾಗ ಅಕ್ಕಿ ಚೀಲದ ಬೆಲೆ ಗೊತ್ತಾಗುತ್ತದೆ.

ಅರ್ಧ ಖಾಲಿಯಾದ ಮೇಲೆ? ಹಲಗೆಯ ಮೇಲೆಯೇ ಮಗುವಿನ ಹೆಸರೋ ಶಾಲೆಯ ಬಣ್ಣವೋ ಇದ್ದರೆ ಗೂಟ ಬರಿದಾದಂತೆ ಅದು ಕಾಣಿಸಿಕೊಳ್ಳುತ್ತದೆ, ಪರವಾಗಿಲ್ಲ. ಬರೀ ಬಿಳಿ ಹಲಗೆಯಾದರೆ ಕೋಟು ಇಲ್ಲದ ಕೋಟು ಸ್ಟ್ಯಾಂಡ್. ಕನ್ನಡದ ಮನೆಗಳಿಗೆ ಒಂದು ಅನುಕೂಲ ಇದೆ: ಕೆಳಗಿನ ಎರಡು ಸಾಲಿಗೆ ಕೋಡುಬಳೆ ನೇತುಹಾಕಿ. ಗ್ಲೇಜ್ ಇಲ್ಲ, ಅಂಟುವುದಿಲ್ಲ, ಬಿಸಿಲಿಗೆ ಜಗ್ಗುವುದಿಲ್ಲ, ಒಂದು ಗೂಟಕ್ಕೆ ಐದಾರು ಹಿಡಿಯುತ್ತದೆ. ಸಿಹಿ ತಿಂದು ಸಾಕಾದವರು ಅಲ್ಲೇ ನಿಲ್ಲುತ್ತಾರೆ. ಬಳೆ ಸುತ್ತುವಾಗ ಒಳಗಿನ ತೂತು ಮುಕ್ಕಾಲು ಇಂಚಿಗಿಂತ ಕಿರಿದಾಗದಿರಲಿ. ಉದ್ದಿನ ವಡೆಗೆ ಮಾತ್ರ ಈ ಯೋಗವಿಲ್ಲ, ಎಣ್ಣೆ ಹಲಗೆಗೆ ಇಳಿಯುತ್ತದೆ.

ಥರ್ಮೋಕೋಲ್ ಶಂಕು

ಥರ್ಮೋಕೋಲಿನ ಶಂಕುವಿಗೆ ಟೂತ್‌ಪಿಕ್ ಚುಚ್ಚಿ, ಡೋನಟ್ ಹೋಲ್ ಎನ್ನುವ ಸುಮಾರು ಒಂದೂಕಾಲು ಇಂಚಿನ ಉಂಡೆಗಳನ್ನು ಸುತ್ತ ಸಿಕ್ಕಿಸಿದ ಗೋಪುರ. 12 ಇಂಚು ಎತ್ತರದ ಶಂಕುವಿಗೆ 60ರಿಂದ 70 ಉಂಡೆ, 18 ಇಂಚಿನದಕ್ಕೆ ನೂರಕ್ಕೂ ಮೇಲೆ ಬೇಕು. ಅಗ್ಗ, ಎತ್ತರ, ನೋಡಲು ಭರ್ಜರಿ.

ತೊಂದರೆ ಎರಡು. ಉಂಡೆ ಎಳೆದಾಗ ಕಡ್ಡಿಯೂ ಜೊತೆಗೆ ಬರುತ್ತದೆ, ಚಿಕ್ಕ ಮಕ್ಕಳಿರುವ ಪಾರ್ಟಿಗೆ ಇದು ಬೇಡವೇ ಬೇಡ. ಎರಡನೆಯದು, ಒಂದು ಕಡೆಯಿಂದ ತಿನ್ನುತ್ತಾ ಬಂದರೆ ಭಾರ ಇನ್ನೊಂದು ಕಡೆಗೆ ವಾಲಿ ಶಂಕು ಮಗುಚುತ್ತದೆ. ಅಷ್ಟರಲ್ಲಿ ಬರಿದಾದ ಮಗ್ಗುಲು ಮುಳ್ಳುಹಂದಿಯ ಬೆನ್ನಿನಂತಾಗಿರುತ್ತದೆ. ಮಾಡುವುದೇ ಆದರೆ ಶಂಕುವನ್ನು ಮೊದಲು ದಪ್ಪ ರಟ್ಟಿಗೆ ಅಂಟಿಸಿ, ಮೈಗೆಲ್ಲ ಬಟರ್ ಪೇಪರ್ ಸುತ್ತಿ, ಕಡ್ಡಿಯನ್ನು ಹೊರತುದಿ ಮೇಲಾಗುವಂತೆ ಓರೆಯಾಗಿ ಒಂದೂವರೆ ಇಂಚು ಒಳಗೆ ಚುಚ್ಚಿ. ಹೊರಗೆ ಒಂದಿಂಚಷ್ಟೇ ಉಳಿದರೆ ಉಂಡೆಯನ್ನು ದಾಟಿ ತುದಿ ಹೊರಬರುವುದಿಲ್ಲ. ತಿನ್ನುವ ಉಂಡೆಗಳನ್ನು ಬುಡದ ಸುತ್ತ ಬೇರೆ ತಟ್ಟೆಯಲ್ಲಿಟ್ಟು, ಶಂಕುವನ್ನು ಮುಟ್ಟದಂತೆ ಕೊನೆಯವರೆಗೂ ಬಿಡುವುದು ಉತ್ತಮ.

ಇಸವಿಯ ಅಂಕಿ

2026 ಎಂದು ಡೋನಟ್ಟಿನಲ್ಲೇ ಬರೆಯುವುದು. ಅಂಕಿಗೆ ಅಡ್ಡ ಮೂರು, ಉದ್ದ ಐದು ಮನೆಯ ಚೌಕಳಿ ಹಾಕಿಕೊಳ್ಳಿ: 2ಕ್ಕೆ 11, 0ಗೆ 12, 6ಕ್ಕೆ 12, ಒಟ್ಟು 46 ಡೋನಟ್. ಮೂರೂಕಾಲು ಇಂಚಿನದಾದರೆ ನಾಲ್ಕು ಅಂಕಿ ಸೇರಿ ಸುಮಾರು 46 ಇಂಚು ಅಗಲ, ಅಂದರೆ ನಾಲ್ಕಡಿಯ ಮೇಜು ಪೂರ್ತಿ ಹೋಯಿತು. ಎರಡಿಂಚಿನ ಮಿನಿ ಡೋನಟ್ ಬಳಸಿದರೆ 29 ಇಂಚಿಗೆ ಮುಗಿಯುತ್ತದೆ. ಬರೀ 26 ಎಂದರೆ ದೊಡ್ಡದರಲ್ಲೇ 23 ಡೋನಟ್, 22 ಇಂಚು. ನಮಗೆ ಇದೇ ಹೆಚ್ಚು ಹಿಡಿಸುತ್ತದೆ.

ಮೇಜಿನ ಮೇಲೆ ಮಲಗಿಸಿಟ್ಟರೆ ನಿಂತವರಿಗೆ ಮಾತ್ರ ಓದಲು ಬರುತ್ತದೆ, ಕೂತವರಿಗೆ ಸಾಲು ಡೋನಟ್ ಅಷ್ಟೇ. ದಪ್ಪ ಫೋಮ್ ಬೋರ್ಡಿನ ಮೇಲೆ ಜೋಡಿಸಿ ಹಿಂದಿನ ಅಂಚನ್ನು ನಾಲ್ಕೈದು ಇಂಚು ಎತ್ತಿ, ಕೆಳ ಅಂಚಿಗೆ ಒಂದು ಪಟ್ಟಿ ತಡೆ ಕೊಡಿ.

ಇದರ ಆಯಸ್ಸು ಮೊದಲ ಕೈ ಬೀಳುವವರೆಗೆ. ಚೌಕಳಿಯಲ್ಲಿ ಬರೆದ 6ರ ಎಡಗಡೆ ನಾಲ್ಕನೇ ಸಾಲಿನ ಒಂದೇ ಒಂದು ಡೋನಟ್ ಎತ್ತಿದರೆ ಅದು 5 ಆಗುತ್ತದೆ. ಯಾವನೋ ಪುಟ್ಟ ಬಂದು ಒಂದು ಕಚ್ಚಿದರೆ ಅಕ್ಕನ ಪದವಿ ಒಂದು ವರ್ಷ ಹಿಂದಕ್ಕೆ. ಎಲ್ಲರೂ ಒಟ್ಟಿಗೆ ಕೂತು, ಫೋಟೋ ತೆಗೆದು, ಒಟ್ಟಿಗೆ ತಿನ್ನುವ ಒಂದು ಗಂಟೆಯ ಕೂಟಕ್ಕೆ ಇದು ಚೆನ್ನ. ಓಪನ್ ಹೌಸ್‌ಗೆ ಅಲ್ಲ.

ತಿನ್ನದ ಡೋನಟ್

ಹಾಲ್ ಬಾಡಿಗೆಗೆ ಹಿಡಿದು ಎಂಟು-ಹತ್ತು ಮೇಜು ಹಾಕಿಸಿದ್ದರೆ ಪ್ರತಿ ಮೇಜಿಗೂ ನಿಜವಾದ ಡೋನಟ್ ಗೋಪುರ ಕಟ್ಟುವುದು ಆಗದ ಮಾತು. ಆಗ 10 ಅಥವಾ 12 ಇಂಚಿನ ಥರ್ಮೋಕೋಲ್ ಬಳೆಯನ್ನೇ ದೊಡ್ಡ ಡೋನಟ್ಟಾಗಿ ಮಾಡಿ ನಿಲ್ಲಿಸಬಹುದು. ಮೈಗೆ ಕಂದು ಅಕ್ರಿಲಿಕ್ ಬಣ್ಣ, ಮೇಲೆ ಅಲೆಅಲೆಯಾಗಿ ಕತ್ತರಿಸಿದ ಗುಲಾಬಿ ಫೆಲ್ಟ್ ಬಟ್ಟೆ ಅಥವಾ ಫೋಮ್ ಶೀಟ್, ಅದರ ಮೇಲೆ ಅರ್ಧ ಇಂಚಿಗೆ ಕತ್ತರಿಸಿದ ಬಣ್ಣದ ಸ್ಟ್ರಾ ತುಂಡುಗಳು. ಎರಡು ವಾರ ಮೊದಲೇ ಮಾಡಿಡಬಹುದು ಎಂಬುದೇ ದೊಡ್ಡ ಲಾಭ.

ಡಬ್ಬಿಯ ಸ್ಪ್ರೇ ಪೇಂಟ್ ಹೊಡೆಯಬೇಡಿ. ಅದರ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ, ಕಣ್ಣೆದುರೇ ಗುಳಿ ಬೀಳುತ್ತದೆ. ಗ್ಲೂ ಗನ್ ಕೂಡ ಕಡಿಮೆ ಬಿಸಿಯದೇ ಆಗಬೇಕು. ಬಳೆ ನಿಲ್ಲಲು ತಳವನ್ನು ಕಾಲು ಇಂಚು ಚಪ್ಪಟೆ ಕೊಯ್ದು, ಎರಡು ಕಡ್ಡಿ ಚುಚ್ಚಿ ಮಣೆಗೆ ಕೂರಿಸಿ. ಸುತ್ತ ಒಂದು ತಟ್ಟೆಯಲ್ಲಿ ಕುಳಿತವರ ಲೆಕ್ಕಕ್ಕೆ ತಿನ್ನುವ ಡೋನಟ್ ಇಟ್ಟರೆ ಮುಗಿಯಿತು. ಎಷ್ಟು ತಿಂದರೂ ಅಲಂಕಾರ ಹಾಗೇ ಇರುತ್ತದೆ. ನಮ್ಮ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುವುದು ಇದೊಂದೇ.

ಬಿಸಿಲು, ಬೆವರು, ಮೊಟ್ಟೆ

ಯಾವ ಬಗೆ ಆರಿಸಿದರೂ ಡೋನಟ್ಟಿನ ಜಾತಿ ಮುಖ್ಯ. ಯೀಸ್ಟಿನದು ಹಗುರ, ರುಚಿ, ಆದರೆ ಮಾಡಿದ ದಿನವೇ ತಿನ್ನಬೇಕು. ಬೇಕಿಂಗ್ ಪೌಡರಿನ ಕೇಕ್ ಡೋನಟ್ ಭಾರ, ಗಟ್ಟಿ, ಮರುದಿನಕ್ಕೂ ತಾಳುತ್ತದೆ. ಗೂಟಕ್ಕೂ ಎರಡು ಸಾಲಿನ ಸ್ಟ್ಯಾಂಡಿಗೂ ಕೇಕ್ ಡೋನಟ್ಟೇ ಸರಿ.

ಹಿಂದಿನ ದಿನ ತಂದು ಫ್ರಿಜ್ಜಿನಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ಫ್ರಿಜ್ಜಿನ ತಂಪಿನಲ್ಲಿ ಹಿಟ್ಟಿನ ಪಿಷ್ಟ ಬೇಗ ಬಿಗಿದು ಡೋನಟ್ ಒಣಕಲಾಗುತ್ತದೆ. ಹೊರಗೆ ತೆಗೆದಾಗ ಅದರ ಮೇಲೆ ನೀರು ಕೂತು ಗ್ಲೇಜ್ ಅಳುತ್ತದೆ, ಸ್ಪ್ರಿಂಕಲ್ಸ್ ಬಣ್ಣ ಬಿಡುತ್ತದೆ. ಹೊರಗೇ, ಸಡಿಲ ಮುಚ್ಚಿದ ಡಬ್ಬದಲ್ಲಿ ಇಡಿ. ಬಿಗಿಯಾಗಿ ಮುಚ್ಚಿದರೂ ಒಳಗಿನ ತೇವಕ್ಕೆ ಗ್ಲೇಜ್ ಕರಗುತ್ತದೆ. ಮಳೆಗಾಲದ ಮಂಗಳೂರಿನಂಥ ಊರಲ್ಲಿ ಮಾಡುವವರಿಗೆ ಸಕ್ಕರೆ ಗ್ಲೇಜ್ ಬೇಡ, ಚಾಕೊಲೇಟ್ ಲೇಪ ವಾಸಿ. ಟೆಕ್ಸಸ್‌ನ ಜೂನ್ ಬಿಸಿಲಿಗೆ ಇದು ತಿರುಗುಮುರುಗು: ಚಾಕೊಲೇಟ್ 34 ಡಿಗ್ರಿ ಸೆಲ್ಸಿಯಸ್ ಹತ್ತಿರ ಪೂರ್ತಿ ಕರಗುತ್ತದೆ, 30ಕ್ಕೇ ಮೆತ್ತಗಾಗುತ್ತದೆ, ಅಲ್ಲಿ ಸಕ್ಕರೆ ಗ್ಲೇಜೇ ಒಳ್ಳೆಯದು. ಕ್ರೀಮ್, ಕಸ್ಟರ್ಡ್ ತುಂಬಿದವು ಅಲಂಕಾರಕ್ಕೆ ಬೇಡ. ಅವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡುವಂತಿಲ್ಲ, 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಒಂದೇ ಗಂಟೆ.

ಶಾಲೆಯ ಬಣ್ಣದ ಗ್ಲೇಜ್ ಮನೆಯಲ್ಲೇ ಮಾಡುವುದು ಸುಲಭ. ಡಜನ್ನಿಗೆ 240 ಗ್ರಾಂ ಐಸಿಂಗ್ ಸಕ್ಕರೆ, 3 ದೊಡ್ಡ ಚಮಚ ಹಾಲು, ಹೊಳಪಿಗೆ ಒಂದು ಚಿಕ್ಕ ಚಮಚ ಕಾರ್ನ್ ಸಿರಪ್. ಚಮಚದಿಂದ ಸುರಿದ ಎಳೆ ಹತ್ತು ಸೆಕೆಂಡು ಮೇಲೆ ನಿಂತು ಕರಗಬೇಕು. ತಕ್ಷಣ ಮಾಯವಾದರೆ ಇನ್ನಷ್ಟು ಸಕ್ಕರೆ. ಬಣ್ಣ ಜೆಲ್ ರೂಪದ್ದೇ ಇರಲಿ, ನೀರು ಬಣ್ಣ ಹಾಕಿದರೆ ಗ್ಲೇಜ್ ತೆಳುವಾಗಿ ಸೋರುತ್ತದೆ. ಕಪ್ಪು ಬೇಕಾದರೆ ಮೊದಲು ಕೋಕೋ ಹಾಕಿ ಗಾಢ ಕಂದು ಮಾಡಿ, ಆಮೇಲೆ ಸ್ವಲ್ಪವೇ ಕಪ್ಪು ಜೆಲ್ ಹಾಕಿ. ಬಿಳಿ ಗ್ಲೇಜಿಗೆ ನೇರ ಕಪ್ಪು ಸುರಿದರೆ ಬೂದಿ ಬಣ್ಣವಾಗುತ್ತದೆ, ಇನ್ನಷ್ಟು ಸುರಿದರೆ ಅತಿಥಿಗಳ ಹಲ್ಲೆಲ್ಲ ಕಪ್ಪಾಗಿ ಗ್ರೂಪ್ ಫೋಟೋ ಕೆಡುತ್ತದೆ. ಬಂಗಾರದ ಮಿಣುಕು ಪುಡಿ ಕೊಳ್ಳುವಾಗ ಲೇಬಲ್ ಓದಿ. 'ನಾನ್ ಟಾಕ್ಸಿಕ್' ಎಂದಿದ್ದ ಮಾತ್ರಕ್ಕೆ ತಿನ್ನುವ ವಸ್ತು ಎಂದಲ್ಲ, ಪದಾರ್ಥಗಳ ಪಟ್ಟಿ ಇದ್ದದ್ದನ್ನೇ ತೆಗೆದುಕೊಳ್ಳಿ.

ಮೊಟ್ಟೆ ತಿನ್ನದ ಅತಿಥಿಗಳಿದ್ದರೆ ಅಂಗಡಿಯಲ್ಲಿ ಕೇಳಿಯೇ ತನ್ನಿ. ಅಮೆರಿಕದಲ್ಲಿ ಡೋನಟ್ಟಿಗೆ ಮೊಟ್ಟೆ ಹಾಕುವುದು ಸಾಮಾನ್ಯ, 'ವೀಗನ್' ಎಂದು ಬರೆದಿದ್ದರೆ ಮೊಟ್ಟೆಯ ಚಿಂತೆ ಇಲ್ಲ. ಮಾರ್ಶ್‌ಮೆಲೊ ಇದ್ದರೆ ಸಾಮಾನ್ಯವಾಗಿ ಜೆಲಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು, ಇರುತ್ತದೆ. ಮನೆಯಲ್ಲೇ ಆರು ಗುಳಿಯ ಡೋನಟ್ ಅಚ್ಚಿನಲ್ಲಿ ಬೇಯಿಸುವುದಾದರೆ: ಮೈದಾ 1 ಕಪ್, ಸಕ್ಕರೆ ಅರ್ಧ ಕಪ್‌ಗೆ ಸ್ವಲ್ಪ ಕಡಿಮೆ, ಬೇಕಿಂಗ್ ಪೌಡರ್ 1 ಚಿಕ್ಕ ಚಮಚ, ಸೋಡಾ ಕಾಲು ಚಮಚ, ಚಿಟಿಕೆ ಉಪ್ಪು, ಮೊಸರು ಅರ್ಧ ಕಪ್, ಹಾಲು ಕಾಲು ಕಪ್, ಎಣ್ಣೆ 3 ದೊಡ್ಡ ಚಮಚ, ವೆನಿಲಾ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 12 ನಿಮಿಷ. ಗುಳಿಯ ಮೂರನೇ ಎರಡು ಭಾಗ ಮಾತ್ರ ತುಂಬಿ. ತುಂಬಿ ತುಳುಕಿದರೆ ಉಬ್ಬಿ ನಡುವಿನ ತೂತು ಮುಚ್ಚಿಕೊಳ್ಳುತ್ತದೆ, ಆಮೇಲೆ ಗೂಟ ಹಲಗೆಯಲ್ಲಿ, ಡೋನಟ್ ಕೈಯಲ್ಲಿ. ಮೊಟ್ಟೆಯಿಲ್ಲದವನ್ನು ಒಂದೇ ಬಣ್ಣದ ಗ್ಲೇಜಿನಲ್ಲಿ ಅದ್ದಿ ಒಂದು ಅಂತಸ್ತಿಗೆ ಪೂರ್ತಿ ಅವನ್ನೇ ಇಡಿ, ಚೀಟಿ ಹಚ್ಚಿ. ಮಿಶ್ರ ಮಾಡಿಟ್ಟರೆ ಅಜ್ಜಿ ಒಂದನ್ನೂ ಮುಟ್ಟುವುದಿಲ್ಲ.

ನೆತ್ತಿಯ ಟೋಪಿ

ಡೋನಟ್ ಹೋಲ್ ಒಂದರ ಮೇಲೆ ಒಂದೂವರೆ ಇಂಚಿನ ತೆಳು ಚಾಕೊಲೇಟ್ ಚೌಕ, ಅದರ ನಡುವೆ ಒಂದು ಜೆಮ್ಸ್, ಅಲ್ಲಿಂದ ಇಳಿಬಿಟ್ಟ ಹುಳಿಮಿಠಾಯಿಯ ತೆಳು ಎಳೆ: ಇದು ಪದವಿ ಟೋಪಿ. ಅಂಟಿಗೆ ಕರಗಿಸಿದ ಚಾಕೊಲೇಟ್ ಒಂದು ಹನಿ ಸಾಕು. ಬಯಲಲ್ಲಿ ಇಡುವುದಾದರೆ ಚೌಕವನ್ನು ದಪ್ಪ ಕಪ್ಪು ಕಾಗದದಲ್ಲೇ ಕತ್ತರಿಸಿ, ಬಿಸಿಲಿಗೆ ಚಾಕೊಲೇಟ್ ಮೂಲೆಗಳು ನಾಯಿ ಕಿವಿಯ ಹಾಗೆ ಜೋತುಬೀಳುತ್ತವೆ. ಪದವಿ ಪಡೆದ ಕೂಡಲೇ ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ತಿರುಗಿಸುವುದು ಅಮೆರಿಕದ ರೂಢಿ. ಪಾರ್ಟಿ ನಡೆಯುವುದು ಆಮೇಲೆ, ಆದ್ದರಿಂದ ಎಳೆ ಟೋಪಿ ತೊಟ್ಟವರ ಎಡಕ್ಕೆ ಬರಲಿ. ಮಕ್ಕಳು ಇದನ್ನು ಗಮನಿಸುತ್ತಾರೆ.

ಆರ್ಡರ್ ಕೊಡುವ ದಿನಾಂಕದ ಬಗ್ಗೆ ಒಂದು ಎಚ್ಚರಿಕೆ. ಜೂನ್ ತಿಂಗಳ ಮೊದಲ ಶುಕ್ರವಾರ ಅಮೆರಿಕದಲ್ಲಿ ರಾಷ್ಟ್ರೀಯ ಡೋನಟ್ ದಿನ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಡೋನಟ್ ಹಂಚಿದ ಹೆಂಗಸರ ನೆನಪಿಗೆ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆ 1938ರಲ್ಲಿ ಷಿಕಾಗೋದಲ್ಲಿ ಶುರುಮಾಡಿದ್ದು. 2026ರಲ್ಲಿ ಅದು ಜೂನ್ 5ಕ್ಕೆ, ಪಾರ್ಟಿಗಳ ಸುಗ್ಗಿಯ ನಡುವೆ. ಆ ದಿನ ಉಚಿತ ಡೋನಟ್ಟಿಗೆ ಅಂಗಡಿಗಳ ಮುಂದೆ ಸಾಲು ಇರುತ್ತದೆ. ಆ ವಾರಾಂತ್ಯಕ್ಕೆ ಆರು ಡಜನ್ ಬೇಕಿದ್ದರೆ ಒಂದು ವಾರ ಮೊದಲೇ ಹೇಳಿಡಿ, ಬೆಳಗ್ಗೆ ಹತ್ತರೊಳಗೆ ಹೋಗಿ ತನ್ನಿ. ಕಾರಿನಲ್ಲಿ ಡಬ್ಬಗಳನ್ನು ಎರಡಕ್ಕಿಂತ ಹೆಚ್ಚು ಒಂದರ ಮೇಲೊಂದು ಪೇರಿಸಬೇಡಿ. ಜೋಡಿಸುವ ಕೆಲಸ ಮೇಜು ಇರುವ ಜಾಗದಲ್ಲೇ, ಅತಿಥಿಗಳು ಬರುವ ಮುಕ್ಕಾಲು ಗಂಟೆ ಮೊದಲು ಶುರುವಾಗಲಿ. ಮನೆಯಲ್ಲಿ ಕಟ್ಟಿದ ಗೋಪುರ ಮೊದಲ ಹಂಪಿನಲ್ಲೇ ಕಾರಿನ ಸೀಟಿಗೆ ಇಳಿಯುತ್ತದೆ.